ಗೀಸರ್‌ಗೆ ಗ್ಯಾರಂಟಿ ಇದೆ, ಪೈಪಿಗೆ ಯಾರು ಹೊಣೆ?

ಚಳಿ ಶುರುವಾಗುತ್ತಿದ್ದಂತೆ ಪುಣೆಯ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಬರುತ್ತದೆ: ‘ಗೀಸರ್ ಕೆಳಗೆ ನೀರು ತೊಟ್ಟಿಕ್ಕುತ್ತಿದೆ, ಒಳ್ಳೆಯ ಪ್ಲಂಬರ್ ನಂಬರ್ ಇದ್ದರೆ ಕಳಿಸಿ’. ನಂಬರ್ ಸಿಗುತ್ತದೆ, ಪ್ಲಂಬರ್ ಬರುತ್ತಾರೆ, ನೀರು ತೊಟ್ಟಿಕ್ಕುವ ಪುಟ್ಟ ಬಾಯಿಗೆ ಟೆಫ್ಲಾನ್ ಟೇಪ್ ಸುತ್ತಿದ ಪ್ಲಗ್ ಬಿಗಿದು ಹೋಗುತ್ತಾರೆ. ನೆಲ ಒಣಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಎಷ್ಟೋ ಸಲ ಆ ಪುಟ್ಟ ಬಾಯಿ ಸೇಫ್ಟಿ ವಾಲ್ವಿನದ್ದಾಗಿರುತ್ತದೆ. ಸೋರಿಕೆ ಎಂದುಕೊಂಡು ನಾವು ಮುಚ್ಚಿಸಿದ್ದು ಸ್ನಾನದ ಮನೆಯ ಕೊನೆಯ ರಕ್ಷಣೆಯನ್ನು.

ಗೀಸರ್ ಎಂಬ ಯಂತ್ರದ ಬಗ್ಗೆ ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ನೀರು ಸಂಗ್ರಹಿಸಿ ಕಾಯಿಸುವ ವಿದ್ಯುತ್ ಗೀಸರ್‌ಗೆ ಐಎಸ್ 2082 ಎಂಬ ಭಾರತೀಯ ಮಾನಕವಿದೆ. ಐಎಸ್‌ಐ ಗುರುತಿಲ್ಲದೆ ಅದನ್ನು ಮಾರುವಂತಿಲ್ಲ. ವಿದ್ಯುತ್ ಉಳಿತಾಯಕ್ಕೆ ಸ್ಟಾರ್ ಲೇಬಲ್ ಇದೆ, ಟ್ಯಾಂಕಿಗೆ ವರ್ಷಗಟ್ಟಲೆ ಗ್ಯಾರಂಟಿ ಇದೆ. ಇದೆಲ್ಲವೂ ಡಬ್ಬಿಯೊಳಗೆ ಬರುವ ಯಂತ್ರಕ್ಕೆ. ಗೋಡೆಯಿಂದ ಆ ಯಂತ್ರದವರೆಗೆ ಇರುವ ಎರಡು ಅಡಿ ಪೈಪು, ವಾಲ್ವು, ಕನೆಕ್ಷನ್ ಹೋಸು ಯಾರ ಗ್ಯಾರಂಟಿಗೂ ಸೇರುವುದಿಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುತ್ತಲೇ ಇರುವ ನಮ್ಮಂಥ ಹೊರನಾಡಿಗರು, ಯಾರೋ ಎಂದೋ ಜೋಡಿಸಿದ ಆ ಎರಡು ಅಡಿಯ ಕೆಳಗೆ ದಿನವೂ ಬೆಳಿಗ್ಗೆ ನಿಂತು ಸ್ನಾನ ಮಾಡುತ್ತೇವೆ. ಮನೆಯ ಕೀಲಿ ಕೈ ಬದಲಾಗುವಾಗ ಫ್ಯಾನು, ಟ್ಯೂಬ್‌ಲೈಟು ಎಣಿಸುವಂತೆ ಈ ಎರಡು ಅಡಿಯನ್ನೂ ನೋಡಿ, ಬರೆದು, ಹೊಣೆ ಗೊತ್ತುಪಡಿಸಬೇಕು ಎಂಬುದು ನನ್ನ ವಾದ.

ಹಂಡೆಗಿದ್ದ ಬಾಯಿ

ನಮ್ಮೂರ ಬಚ್ಚಲುಮನೆಯ ಹಂಡೆಗೆ ಸೇಫ್ಟಿ ವಾಲ್ವ್ ಬೇಕಿರಲಿಲ್ಲ. ಅದರ ಬಾಯಿ ತೆರೆದೇ ಇರುತ್ತಿತ್ತು. ಎಷ್ಟು ಸೌದೆ ಒಟ್ಟಿದರೂ ನೀರು ಕುದಿದು ಆವಿ ಮೇಲೆ ಹೋಗುತ್ತಿತ್ತೇ ಹೊರತು ಒಳಗೆ ಒತ್ತಡ ಕಟ್ಟಿಕೊಳ್ಳುತ್ತಿರಲಿಲ್ಲ. ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಬಳಕೆಯಲ್ಲಿದ್ದ ತಾಮ್ರದ ಬಂಬಿನದೂ ಅದೇ ಕಥೆ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಮೇಲೆ ಸಡಿಲವಾದ ಮುಚ್ಚಳ. ಕೈ ಸುಟ್ಟುಕೊಂಡವರು ಇದ್ದಾರು, ಆದರೆ ಹಂಡೆ ಸಿಡಿಯುವ ಭಯ ಯಾರಿಗೂ ಇರಲಿಲ್ಲ.

ಗೀಸರ್ ಹಾಗಲ್ಲ. ಅದು ಎಲ್ಲ ಕಡೆ ಮುಚ್ಚಿದ ಟ್ಯಾಂಕು. ಸದಾ ತುಂಬಿರುತ್ತದೆ. ತಳದಲ್ಲಿ ತಣ್ಣೀರು ಒಳಗೆ ಬಂದಷ್ಟೇ ಬಿಸಿನೀರು ಮೇಲಿನಿಂದ ಹೊರಗೆ ಹೋಗುತ್ತದೆ. ನಲ್ಲಿ ಮುಚ್ಚಿದ್ದಾಗ ನೀರು ಕಾಯಲು ಶುರುವಾದರೆ ಏನಾಗುತ್ತದೆ? 25 ಡಿಗ್ರಿಯ ನೀರು 75 ಡಿಗ್ರಿಗೆ ಏರುವಾಗ ಅದರ ಗಾತ್ರ ಶೇ 2ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. 15 ಲೀಟರಿನ ಗೀಸರ್‌ನಲ್ಲಿ ಇದು ಸುಮಾರು ಮೂರನೇ ಒಂದು ಲೀಟರ್, 25 ಲೀಟರಿನದ್ದರಲ್ಲಿ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ನೀರನ್ನು ಅದುಮಿ ಚಿಕ್ಕದು ಮಾಡಲು ಬರುವುದಿಲ್ಲ. ಹಿಗ್ಗಿದ ನೀರಿಗೆ ಎಲ್ಲಾದರೂ ಜಾಗ ಬೇಕೇ ಬೇಕು.

ಹಿಂದಿನ ಎರಡು ಅಂತಸ್ತಿನ ಮನೆಗಳಲ್ಲಿ ಆ ಜಾಗ ತಾನಾಗಿಯೇ ಇತ್ತು. ಹಿಗ್ಗಿದ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಮಾಳಿಗೆಯ ಟ್ಯಾಂಕಿನತ್ತ ಹೋಗುತ್ತಿತ್ತು. ‘ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಈ ವಾಲ್ವ್ ಇಲ್ಲದೆಯೇ ನಡೆದಿದೆ’ ಎನ್ನುವ ಹಿರಿಯರ ಮಾತು ಸುಳ್ಳಲ್ಲ. ಇಂದಿನ ಅಪಾರ್ಟ್‌ಮೆಂಟುಗಳಲ್ಲಿ ಆ ದಾರಿ ಮುಚ್ಚಿಹೋಗಿರುತ್ತದೆ. ಪ್ರೆಷರ್ ಪಂಪ್ ಬಂತು, ಎತ್ತರದ ಕಟ್ಟಡಗಳಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಬಂತು, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಬಂತು. ಇವೆಲ್ಲ ಬೇಕಾದವೇ. ಆದರೆ ಹಿಂದಿನ ಬಾಗಿಲು ಮುಚ್ಚಿದ ಮೇಲೆ ಬೇರೊಂದು ಬಾಗಿಲು ತೆರೆದಿರಬೇಕಲ್ಲ? ಆ ಬಾಗಿಲೇ ಸೇಫ್ಟಿ ವಾಲ್ವ್. ಒತ್ತಡ ಮಿತಿ ಮೀರಿದಾಗ ಅದು ಒಂದಿಷ್ಟು ನೀರನ್ನು ಹೊರಗೆ ಬಿಡುತ್ತದೆ. ಗೀಸರ್ ಕಾಯುವಾಗ ಮಾತ್ರ ಹನಿ ಬೀಳುತ್ತಿದ್ದು, ತಣ್ಣಗಾದ ಮೇಲೆ ನಿಲ್ಲುತ್ತಿದ್ದರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಗೀಸರ್ ಆಫ್ ಇದ್ದಾಗಲೂ ದಿನವಿಡೀ ಸುರಿಯುತ್ತಿದ್ದರೆ ವಾಲ್ವ್ ಕೆಟ್ಟಿರಬಹುದು ಅಥವಾ ಕಟ್ಟಡದ ಒತ್ತಡವೇ ಹೆಚ್ಚಿರಬಹುದು. ಆಗ ಕಾರಣ ಹುಡುಕಿ ಸರಿಪಡಿಸಬೇಕು, ಅಗತ್ಯವಿದ್ದರೆ ವಾಲ್ವ್ ಬದಲಿಸಬೇಕು. ಪ್ಲಗ್ ಹಾಕುವುದು ಎರಡಕ್ಕೂ ಉತ್ತರವಲ್ಲ.

ಪ್ಲಗ್ ಹಾಕಿದ ದಿನವೇ ಅನಾಹುತ ಆಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಪ್ರತಿ ಬೆಳಿಗ್ಗೆ ಒತ್ತಡ ಏರುತ್ತದೆ, ನಲ್ಲಿ ತಿರುಗಿಸಿದಾಗ ಇಳಿಯುತ್ತದೆ. ಹೀಗೆ ನೂರಾರು ಸಲ. ಕೊನೆಗೆ ಒತ್ತಡ ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ: ಹೋಸಿನ ವಾಷರ್, ಗೋಡೆಯೊಳಗಿನ ಜಾಯಿಂಟ್, ಇಲ್ಲವೇ ಟ್ಯಾಂಕಿನ ಬೆಸುಗೆ. ಅಷ್ಟಕ್ಕೇ ನಿಂತರೆ ಗೋಡೆ ಒದ್ದೆ, ಕೆಳಗಿನ ಮನೆಯವರ ಜಗಳ. ಥರ್ಮೋಸ್ಟ್ಯಾಟ್ ಮತ್ತು ಅದರ ಹಿಂದಿರುವ ಥರ್ಮಲ್ ಕಟೌಟ್ ಎರಡೂ ಕೈಕೊಟ್ಟರೆ ಮಾತು ಬೇರೆ. ಒತ್ತಡದಲ್ಲಿರುವ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. 8 ಬಾರ್ ಒತ್ತಡದಲ್ಲಿ ಅದು ಕುದಿಯಲು ಸುಮಾರು 175 ಡಿಗ್ರಿ ಬೇಕು. ಅಷ್ಟು ಕಾದ ಟ್ಯಾಂಕು ಬಿರಿದರೆ, 15 ಲೀಟರಿನಲ್ಲಿ ಸುಮಾರು 2 ಲೀಟರ್ ನೀರು ಕ್ಷಣದಲ್ಲಿ ಆವಿಯಾಗಿ ಮೂರು ಘನ ಮೀಟರಿಗೂ ಹೆಚ್ಚು ಜಾಗಕ್ಕೆ ಹಬ್ಬುತ್ತದೆ. ಅದು ಚಿಕ್ಕ ಸ್ನಾನದ ಮನೆಯ ಮೂರನೇ ಒಂದು ಭಾಗ. ಸಿಡಿಯುವುದು ಎಂದರೆ ಇದೇ.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಒಂದರ ಹಿಂದೆ ಒಂದು ತಡೆ ಇಡುತ್ತೇವೆ. ಮೊದಲನೆಯದು ಸೋಲುತ್ತದೆ ಎಂದುಕೊಂಡೇ ಎರಡನೆಯದನ್ನು ಬರೆಯುತ್ತೇವೆ. ಗೀಸರ್ ತಯಾರಿಸಿದವರೂ ಹಾಗೆಯೇ ಯೋಚಿಸಿದ್ದಾರೆ. ಥರ್ಮೋಸ್ಟ್ಯಾಟ್ ಕೆಟ್ಟರೆ ಕಟೌಟ್, ಕಟೌಟ್ ಕೆಟ್ಟರೆ ವಾಲ್ವ್. ಮೊದಲ ಎರಡು ವಿದ್ಯುತ್ತನ್ನು ಅವಲಂಬಿಸಿದ ಭಾಗಗಳು. ಮೂರನೆಯದು ಬರೀ ಸ್ಪ್ರಿಂಗು, ಬರೀ ಪೈಪು. ಕಾರ್ಖಾನೆಯ ಹೊರಗೆ, ನಮ್ಮ ಮನೆಯ ಗೋಡೆಯ ಮೇಲೆ, ನಾವು ಕರೆಸಿದವರ ಕೈಯಲ್ಲಿ ಜೋಡಣೆಯಾಗುವ ತಡೆ ಅದೊಂದೇ.

ಸರಿಯಾದ ಜೋಡಣೆ ಹೇಗಿರಬೇಕು

ಇದು ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ಅರ್ಥವಾಗುವ ವಿಷಯವಲ್ಲ. ಗೋಡೆಯಿಂದ ಬರುವ ತಣ್ಣೀರಿನ ಪಾಯಿಂಟಿಗೆ ಮೊದಲು ಆ್ಯಂಗಲ್ ಕಾಕ್. ಅದರ ನಂತರ ಸೇಫ್ಟಿ ವಾಲ್ವ್, ಅದರ ಮೈಮೇಲಿನ ಬಾಣದ ಗುರುತು ಗೀಸರ್ ಕಡೆಗೆ. ಅಲ್ಲಿಂದ ನೇರವಾಗಿ ಗೀಸರ್‌ನ ನೀಲಿ ಗುರುತಿನ ಒಳದಾರಿಗೆ. ಸೇಫ್ಟಿ ವಾಲ್ವ್‌ಗೂ ಗೀಸರ್‌ಗೂ ನಡುವೆ ಮುಚ್ಚಬಲ್ಲ ಯಾವ ಕಾಕೂ ಇರಬಾರದು, ಇದ್ದರೆ ವಾಲ್ವ್ ಇದ್ದೂ ಇಲ್ಲದಂತೆ. ವಾಲ್ವಿನ ಹನಿ ಬಾಯಿಗೆ ಒಂದು ಸಣ್ಣ ಟ್ಯೂಬ್ ಹಾಕಿ, ಎಲ್ಲೂ ಮೇಲಕ್ಕೆ ಏರದಂತೆ ಇಳಿಜಾರಾಗಿ, ನೆಲದ ಜಾಲಿಯ ಹತ್ತಿರ ಕಣ್ಣಿಗೆ ಕಾಣುವಂತೆ ಬಿಡಬೇಕು. ತೊಟ್ಟಿಕ್ಕುತ್ತದೆ ಎಂಬ ದೂರಿಗೆ ಸರಿಯಾದ ಪರಿಹಾರ ಈ ಟ್ಯೂಬ್. ಕೆಲವು ರೂಪಾಯಿಗಳ ಕೆಲಸ.

ಇದೇ ವಾಲ್ವ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನೀರು ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತಡವಾಗಿ ಮೇಲಿನ ಟ್ಯಾಂಕು ಬರಿದಾಯಿತು ಎನ್ನಿ. ತಡೆ ಇಲ್ಲದಿದ್ದರೆ ಕೆಳಗಿನ ಮನೆಯವರು ನಲ್ಲಿ ತಿರುಗಿಸಿದಾಗ ನಿಮ್ಮ ಗೀಸರ್‌ನಲ್ಲಿರುವ ನೀರು ಒಳದಾರಿಯಿಂದಲೇ ಕೆಳಕ್ಕೆ ಇಳಿದುಹೋಗಬಹುದು. ಆಮೇಲೆ ನೀವು ಸ್ವಿಚ್ ಹಾಕಿದರೆ ಕಾಯುವುದು ಖಾಲಿ ಟ್ಯಾಂಕು. ಕೆಲವು ಮನೆಗಳಲ್ಲಿ ಹೆಲ್ತ್ ಫಾಸೆಟ್‌ನಿಂದಲೂ ಫ್ಲಷ್‌ನಿಂದಲೂ ಇದ್ದಕ್ಕಿದ್ದಂತೆ ಬಿಸಿನೀರು ಬರುವುದಕ್ಕೂ ಬಹುಪಾಲು ಇದೇ ಕಾರಣ. ಅದು ವಿಚಿತ್ರವಲ್ಲ, ಎಚ್ಚರಿಕೆ.

ಇನ್ನು ಪೈಪಿನ ವಸ್ತು. ಸಾಮಾನ್ಯ ಬಿಳಿ ಪಿವಿಸಿ ಪೈಪು 60 ಡಿಗ್ರಿ ತಲುಪುವ ಹೊತ್ತಿಗೆ ಒತ್ತಡ ತಾಳುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಕಳೆದುಕೊಂಡಿರುತ್ತದೆ. ಬಿಸಿನೀರಿಗೆ ಅದು ಸಲ್ಲದು. ಸಿಪಿವಿಸಿ ಪೈಪು 93 ಡಿಗ್ರಿವರೆಗೆ ಬಳಸಲು ತಯಾರಾದದ್ದು, ಅದಕ್ಕೂ ಐಎಸ್ 15778 ಎಂಬ ಮಾನಕವಿದೆ. ಸಾಮಾನ್ಯವಾಗಿ ಕೆನೆಬಣ್ಣದಲ್ಲಿರುತ್ತದೆ, ಪೈಪಿನ ಮೇಲೇ ಹೆಸರು ಅಚ್ಚಾಗಿರುತ್ತದೆ. ಆದರೆ ಸಿಪಿವಿಸಿಯೂ ಕಾದಷ್ಟೂ ದುರ್ಬಲವಾಗುತ್ತದೆ. ತಣ್ಣಗಿದ್ದಾಗ 28 ಬಾರ್ ಆಸುಪಾಸು ತಾಳುವ ಎಸ್‌ಡಿಆರ್ 11 ಪೈಪು 82 ಡಿಗ್ರಿಯಲ್ಲಿ ತಾಳುವುದು 7 ಬಾರ್ ಮಾತ್ರ. ಆದ್ದರಿಂದಲೇ ಗೀಸರ್‌ನ ಬಾಯಿಗೆ ನೇರವಾಗಿ ಪ್ಲಾಸ್ಟಿಕ್ ಥ್ರೆಡ್ ತಿರುಗಿಸದೆ, ಮೊದಲ ಅರ್ಧ ಅಡಿಯಾದರೂ ಲೋಹದ ನಿಪ್ಪಲ್ ಅಥವಾ ಬಿಸಿನೀರಿಗೆಂದೇ ತಯಾರಾದ ಹೆಣೆದ ಸ್ಟೀಲ್ ಹೋಸ್ ಇರಬೇಕು. ಹೋಸಿನ ಹೊರಗೆ ಸ್ಟೀಲು, ಒಳಗೆ ಇರುವುದು ರಬ್ಬರ್ ನಳಿಕೆ. ಅದಕ್ಕೂ ಆಯುಷ್ಯವಿದೆ. ಹಳೆಯ ಹೋಸನ್ನು ಹೊಸ ಗೀಸರ್‌ಗೆ ಜೋಡಿಸುವುದು ಸುಳ್ಳು ಉಳಿತಾಯ.

ಪ್ಲಾಸ್ಟಿಕ್ ಪೈಪು ಕಾದಾಗ ಉದ್ದವೂ ಆಗುತ್ತದೆ. 10 ಮೀಟರ್ ಸಿಪಿವಿಸಿ ಪೈಪು 50 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೆ ಅಲುಗಾಡಲು ಬಿಡದೆ ಎರಡೂ ತುದಿಗೆ ಸಿಮೆಂಟಿನಲ್ಲಿ ಹೂತರೆ ಬಿರುಕು ಬಿಡುವುದು ಎಲ್ಬೋದಲ್ಲಿ. ಒಂದೇ ಗೀಸರ್‌ನಿಂದ ಅಡುಗೆಮನೆಗೂ ಎರಡು ಬಾತ್‌ರೂಮಿಗೂ ಉದ್ದ ಪೈಪು ಎಳೆಯುವವರು ಇದನ್ನು ನೆನಪಿಡಬೇಕು.

ಎತ್ತರದ ಕಟ್ಟಡಗಳಲ್ಲಿರುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. ನೀರಿನ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. 20 ಅಂತಸ್ತಿನ ಕಟ್ಟಡದ ನೆತ್ತಿಯ ಟ್ಯಾಂಕಿನಿಂದ ನೇರ ಇಳಿದ ಪೈಪಿನಲ್ಲಿ ನೆಲಮಹಡಿಯ ಮನೆಗೆ 6 ಬಾರ್ ಸಿಗುತ್ತದೆ. ಮಾರುಕಟ್ಟೆಯ ಬಹುತೇಕ 15, 25 ಲೀಟರಿನ ಗೀಸರ್‌ಗಳು 8 ಬಾರ್‌ಗೆ, 3 ಲೀಟರಿನ ಇನ್‌ಸ್ಟಂಟ್ ಗೀಸರ್‌ಗಳಲ್ಲಿ ಹಲವು 6.5 ಬಾರ್‌ಗೆ ತಯಾರಾದವು. ಕೆಳ ಅಂತಸ್ತಿನ ಮನೆಗೆ ಒತ್ತಡ ತಗ್ಗಿಸುವ ವಾಲ್ವ್ ಇದೆಯೇ ಎಂದು ಸೊಸೈಟಿಯನ್ನು ಕೇಳುವುದು ತಲೆಹರಟೆಯಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ, ಅದು ಪುಣೆಯ ಹೊರವಲಯವಾಗಲಿ ಹೈದರಾಬಾದಾಗಲಿ ಚೆನ್ನೈಯಾಗಲಿ, ಗಡಸು ನೀರಿನ ಸುಣ್ಣ ವಾಲ್ವಿನ ಸ್ಪ್ರಿಂಗಿನಲ್ಲೂ ಕಟ್ಟುತ್ತದೆ. ವಾಲ್ವಿಗೆ ಪುಟ್ಟ ಲಿವರ್ ಇದ್ದರೆ, ಗೀಸರ್ ತಣ್ಣಗಿರುವಾಗ ಆಗಾಗ ಒಮ್ಮೆ ಎತ್ತಿ ನೀರು ಬರುತ್ತದೆಯೇ ನೋಡಬೇಕು.

ಸುಡುವ ನೀರಿನ ಮಾತನ್ನೂ ಸೇರಿಸುತ್ತೇನೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು, 50 ಡಿಗ್ರಿಯ ಆಸುಪಾಸಿನಲ್ಲಿ ಅಷ್ಟೇ ಗಾಯಕ್ಕೆ ಕೆಲವು ನಿಮಿಷ ಬೇಕು. ಮಕ್ಕಳ ಚರ್ಮ ಇನ್ನೂ ತೆಳು, ವಯಸ್ಸಾದವರಿಗೆ ತಕ್ಷಣ ಹಿಂದೆ ಸರಿಯಲು ಆಗುವುದಿಲ್ಲ. ಶವರ್ ಕೆಳಗಿರುವಾಗ ತಣ್ಣೀರಿನ ಒತ್ತಡ ಇಳಿದರೆ ಮಿಕ್ಸರ್‌ನಲ್ಲಿ ಉಳಿಯುವುದು ಬರೀ ಬಿಸಿನೀರು. ಥರ್ಮೋಸ್ಟ್ಯಾಟನ್ನು ತುದಿಗೆ ತಿರುಗಿಸಿಡಬೇಡಿ. ಬಕೆಟ್ ಸ್ನಾನವಾದರೆ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು ಎಂಬ ಅಜ್ಜಿಯರ ಕ್ರಮವೇ ಸರಿ.

ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಇನ್ನೊಂದು ಪೈಪಿನ ಪ್ರಶ್ನೆಯಿದೆ: ಹೊಗೆ ಹೊರಗೆ ಹೋಗುವ ಪೈಪು. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಬಾತ್‌ರೂಮಿನಲ್ಲಿ ಕೊಲ್ಲುತ್ತದೆ. ಹೊಗೆ ಕೊಳವೆ ಹೊರಗೋಡೆ ದಾಟದಿದ್ದರೆ ಅಂಥ ಗೀಸರ್ ಸ್ನಾನದ ಮನೆಯೊಳಗೆ ಇರಲೇಕೂಡದು.

ಹೊಣೆ ಜಾರುವ ಜಾಗ

ಹಾಗಿದ್ದರೆ ಇಷ್ಟು ಸರಳ ಜೋಡಣೆ ಅಷ್ಟೊಂದು ಮನೆಗಳಲ್ಲಿ ಯಾಕೆ ತಪ್ಪಾಗಿರುತ್ತದೆ? ಯಾರದೂ ಪೂರ್ತಿ ಕೆಲಸವಲ್ಲ ಎಂಬುದಕ್ಕೆ. ಕಂಪನಿಯ ಟೆಕ್ನಿಷಿಯನ್ ಗೋಡೆಗೆ ಗೀಸರ್ ತೂಗುಹಾಕಿ, ‘ಪೈಪ್ ಕೆಲಸ ನಮ್ಮದಲ್ಲ ಸರ್’ ಎನ್ನುತ್ತಾರೆ. ಪ್ಲಂಬರ್ ಹೇಳಿದಷ್ಟು ಮಾಡಿ, ಹೇಳಿದ ಹಣ ಪಡೆದು ಹೋಗುತ್ತಾರೆ. ಮನೆಯ ಮಾಲೀಕರು ಬಹಳ ಸಲ ಬೇರೆ ಊರಿನಲ್ಲಿರುತ್ತಾರೆ. ನಾವು 11 ತಿಂಗಳ ಕರಾರಿನವರು, ಪರರ ಗೋಡೆಗೆ ನಮ್ಮ ದುಡ್ಡು ಯಾಕೆ ಎಂದುಕೊಳ್ಳುತ್ತೇವೆ.

ಕಾನೂನಿನ ಬರವಣಿಗೆಯಲ್ಲೂ ಇದೇ ಬಿರುಕು ಕಾಣುತ್ತದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ದುರಸ್ತಿಗಳನ್ನು ಹಂಚಲಾಗಿದೆ. ಪೈಪು ಬದಲಿಸುವುದು ಮಾಲೀಕರ ಪಾಲು, ಗೀಸರ್ ದುರಸ್ತಿ ಬಾಡಿಗೆದಾರರ ಪಾಲು. ಕರಾರಿನಲ್ಲಿ ಬೇರೆ ಬರೆದುಕೊಳ್ಳದಿದ್ದರೆ ಇದೇ ಕ್ರಮ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿಸಿಕೊಂಡಾಗಲೇ ಕಾನೂನು. ಆದರೂ ಆ ಹಂಚಿಕೆಯನ್ನು ಗೋಡೆಯ ಮುಂದೆ ನಿಂತು ಓದಿ ನೋಡಿ: ಪೈಪು ಮುಗಿದು ಗೀಸರ್ ಶುರುವಾಗುವ ಆ ಗೆರೆಯ ಮೇಲೆಯೇ ಸೇಫ್ಟಿ ವಾಲ್ವ್ ಕೂತಿದೆ. ಅದು ಪೈಪೋ, ಗೀಸರೋ? ಉತ್ತರ ಬರೆದಿಟ್ಟಿಲ್ಲದ ಕಡೆ ಇಬ್ಬರೂ ಕೈ ತೊಳೆದುಕೊಳ್ಳಬಹುದು.

ಪ್ಲಂಬರ್‌ಗಳನ್ನು ಬೈಯುವುದು ಸುಲಭ, ನ್ಯಾಯವಲ್ಲ. ಈ ನಗರಗಳ ಪ್ಲಂಬರ್‌ಗಳಲ್ಲಿ ಅನೇಕರು ಒಡಿಶಾದ ಕೇಂದ್ರಪಾಡಾ ಕಡೆಯವರು. ಅಲ್ಲಿನ ಪಟ್ಟಾಮುಂಡೈ ಈ ಕಸುಬಿಗೆ ದೇಶಕ್ಕೇ ಹೆಸರುವಾಸಿ, ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯೂ ಅಲ್ಲಿದೆ. ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ‘ನೀರು ನಿಲ್ಲಿಸಿ’ ಎಂದು ಕರೆದವರು ನಾವು, ಅವರು ನಿಲ್ಲಿಸಿದರು. ‘ಈ ಬಾಯಿ ಮುಚ್ಚಬೇಡಿ, ಟ್ಯೂಬ್ ಹಾಕಿ ಜಾಲಿಗೆ ಬಿಡಿ’ ಎಂದು ಹೇಳಲು ಕರೆದವರಿಗೆ ಗೊತ್ತಿರಬೇಕು.

ಆದ್ದರಿಂದ ಮೂರು ಬೇಡಿಕೆಗಳು. ಒಂದು, ಬಾಡಿಗೆ ಕರಾರಿನ ಜೊತೆಗಿರುವ ಸಾಮಾನುಗಳ ಪಟ್ಟಿಯಲ್ಲಿ ‘ಗೀಸರ್ 1’ ಎಂದಷ್ಟೇ ಬರೆಯದೆ, ಸೇಫ್ಟಿ ವಾಲ್ವ್ ಇದೆ, ಹನಿ ಬಾಯಿ ತೆರೆದಿದೆ, ಬಿಸಿನೀರಿನ ಪೈಪು ಇಂಥದ್ದು, ಹೋಸ್ ಹಾಕಿದ ವರ್ಷ ಇಷ್ಟು ಎಂದು ನಾಲ್ಕು ಸಾಲು ಬರೆಯಬೇಕು. ವಾಲ್ವ್ ಕೆಟ್ಟರೆ ಬದಲಿಸುವ ಹೊಣೆ ಯಾರದೆಂದೂ ಅಲ್ಲೇ ನಮೂದಿಸಬೇಕು. ಎರಡು, ಪೊಲೀಸ್ ವೆರಿಫಿಕೇಷನ್ ಇಲ್ಲದೆ ಬಾಡಿಗೆದಾರರನ್ನು ಒಳಗೆ ಬಿಡದ ಹೌಸಿಂಗ್ ಸೊಸೈಟಿಗಳು, ವರ್ಷಕ್ಕೊಮ್ಮೆ ಗೀಸರ್ ಜೋಡಣೆ ನೋಡಿಸುವ ನಿಯಮವನ್ನೂ ಮಾಡಬೇಕು. ಒಂದು ಮನೆಯ ಜಾಯಿಂಟ್ ಒಡೆದರೆ ನೆನೆಯುವುದು ಕೆಳಗಿನ ಮನೆ. ಮೂರು, ಗೀಸರ್ ಮಾರುವ ಕಂಪನಿಗಳು ‘ಫ್ರೀ ಇನ್‌ಸ್ಟಲೇಷನ್’ ಎಂದರೆ ನೀರಿನ ಜೋಡಣೆಯನ್ನೂ ಪರೀಕ್ಷಿಸಿ ಸಹಿ ಮಾಡಬೇಕು. ಪೈಪಿನ ಕೆಲಸ ಬೇರೆಯವರು ಮಾಡಲಿ, ಆದರೆ ವಾಲ್ವ್ ತಪ್ಪು ದಿಕ್ಕಿನಲ್ಲಿದ್ದರೆ ಸ್ವಿಚ್ ಹಾಕಿಕೊಡಬಾರದು.

ಇದೆಲ್ಲ ಇನ್ನೊಂದು ಕಾಗದವಾಗಿ ಫೈಲು ಸೇರುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ನಿಜವೂ ಇದೆ. ಸಹಿ ಹಾಕಿದ ಮಾತ್ರಕ್ಕೆ ವಾಲ್ವ್ ತೆರೆಯುವುದಿಲ್ಲ. ಆದರೆ ಬರೆಯಬೇಕಾದಾಗ ಒಮ್ಮೆಯಾದರೂ ತಲೆ ಎತ್ತಿ ನೋಡಲೇಬೇಕಾಗುತ್ತದೆ. ಈ ವಿಷಯದಲ್ಲಿ ಅರ್ಧ ಅಪಾಯ ಹುಟ್ಟುವುದು ಯಾರೂ ನೋಡದಿರುವುದರಿಂದ. ಮನೆ ಹಿಡಿಯುವ ದಿನ ಗೀಸರ್ ಕೆಳಗಿನ ಪೈಪುಗಳ ಎರಡು ಫೋಟೊ ತೆಗೆದು ಮಾಲೀಕರಿಗೆ ಕಳಿಸುವುದಕ್ಕೆ ಕಾಯ್ದೆಯೂ ಬೇಡ, ಸೊಸೈಟಿಯೂ ಬೇಡ.

ಊರಿನ ಮನೆಯನ್ನೂ ಮರೆಯಬಾರದು. ಬೆಂಗಳೂರು, ಮೈಸೂರಿನ ಎಷ್ಟೋ ಮಾಳಿಗೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. ಒತ್ತಡವಿಲ್ಲದೆ ನಡೆಯುವ ಅಂಥ ಹೀಟರ್‌ಗಳ ಟ್ಯಾಂಕಿನಿಂದ ಎತ್ತರಕ್ಕೆ ನಿಂತ ಒಂದು ತೆರೆದ ಗಾಳಿ ಪೈಪು ಇರುತ್ತದೆ. ಹಂಡೆಯ ತೆರೆದ ಬಾಯಿಗೆ ಸಮ ಅದು. ಕಸ ಬೀಳುತ್ತದೆಂದು, ನೀರು ಉಕ್ಕುತ್ತದೆಂದು ಅದಕ್ಕೆ ಮುಚ್ಚಳ ಬಿಗಿದವರಿದ್ದಾರೆ. ವಯಸ್ಸಾದ ಅಪ್ಪ–ಅಮ್ಮ ಇಬ್ಬರೇ ಇರುವ ಮನೆಯಾದರೆ ಮುಂದಿನ ಸಲ ಹೋದಾಗ ಒಮ್ಮೆ ಮಾಳಿಗೆ ಹತ್ತಿ ನೋಡಿ.

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲ ಕಡೆಯೂ ನಮ್ಮ ಕನ್ನಡ ಸಂಘಗಳಿವೆ. ಹೊಸದಾಗಿ ಬಂದ ಹುಡುಗ ಹುಡುಗಿಯರು ಮನೆ ಹುಡುಕುವಾಗ ಮೊದಲು ಕೇಳುವುದು ಅಲ್ಲಿನ ಪರಿಚಯದವರನ್ನೇ. ರಾಜ್ಯೋತ್ಸವಕ್ಕೆ ಜನ ಸೇರುವುದೂ ಗೀಸರ್ ಸ್ವಿಚ್ ಹಾಕಲು ಶುರುಮಾಡುವುದೂ ಒಂದೇ ತಿಂಗಳು. ವಾಲ್ವ್ ಎಲ್ಲಿರಬೇಕು, ಬಾಣ ಯಾವ ಕಡೆಗಿರಬೇಕು, ಯಾವ ಬಾಯಿ ಮುಚ್ಚಬಾರದು ಎಂಬುದನ್ನು ಒಂದು ಚಿತ್ರದೊಂದಿಗೆ ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ಸಂಘಗಳು ಈ ನವೆಂಬರಿನಲ್ಲಿ ಹಂಚಲಿ. ಅಷ್ಟರೊಳಗೆ ನಾಳೆ ಬೆಳಿಗ್ಗೆ ಗೀಸರ್ ಹಾಕುವ ಮುನ್ನ ನೀವೇ ಒಮ್ಮೆ ಅದರ ಕೆಳಗೆ ನಿಂತು ನೋಡಿ. ಅಲ್ಲಿ ಪ್ಲಗ್ ಬಿಗಿದ ವಾಲ್ವ್ ಕಂಡರೆ, ಅದನ್ನು ಸರಿಪಡಿಸುವ ತನಕ ಒಲೆಯ ಮೇಲೆ ಕಾಯಿಸಿದ ನೀರೇ ಸಾಕು.